ಗಿರಣಿ ಮಾವನ ಒಂದು ಕಿಲೋ

ಇದು ನಡೆದ ಕಥೆ. ಕಥೆ ಹೇಳುವವರೆಲ್ಲ ಹಾಗೆಯೇ ಅನ್ನುತ್ತಾರೆ, ಗೊತ್ತು. ಆದರೆ ಇದರಲ್ಲಿ ಮರ್ಯಾದೆ ಹೋಗುವ ಪಾತ್ರ ನನಗೂ ಒಂದಿದೆ. ಸುಳ್ಳು ಕಟ್ಟುವುದಾಗಿದ್ದರೆ ನನ್ನನ್ನು ನಾನು ಇದಕ್ಕಿಂತ ಒಳ್ಳೆಯ ಜಾಗದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದೆ.

ನಮ್ಮೂರು ದೊಡ್ಡದೇನಲ್ಲ. ಒಂದು ಉದ್ದನೆಯ ಬೀದಿ, ಅದರ ಒಂದು ತುದಿಗೆ ಧಾನ್ಯದ ಮಾರುಕಟ್ಟೆ, ಇನ್ನೊಂದು ತುದಿಗೆ ಆಟದ ಮೈದಾನ, ಸುತ್ತಲೂ ಹೊಲ. ಊರಿನ ಕ್ರೀಡಾ ಚರಿತ್ರೆ ಎಂದರೆ ಹಗ್ಗಜಗ್ಗಾಟದ ಚರಿತ್ರೆ. ಬೇರೆ ಆಟಕ್ಕೆ ಚೆಂಡು ಬೇಕು, ಬಲೆ ಬೇಕು, ಬೂಟು ಬೇಕು. ಇದಕ್ಕೆ ಬಾವಿಯ ಹಗ್ಗ ಮತ್ತು ಇನ್ನೊಂದು ಊರಿನ ಮೇಲೆ ಸಿಟ್ಟು ಇದ್ದರೆ ಸಾಕು. ನಮ್ಮಲ್ಲಿ ಎರಡೂ ಧಾರಾಳ. ಸಿಟ್ಟು ಹೊಳೆಯಾಚೆಯವರ ಮೇಲೆ. ಅವರು ಸಾಲಾಗಿ ಹನ್ನೊಂದು ವರ್ಷ ಗೆದ್ದು, ಗೆದ್ದ ಕಪ್ಪಿನಲ್ಲಿ ನೀರು ಕುಡಿದು, ಮಿಕ್ಕದ್ದನ್ನು ನಮ್ಮ ಕಡೆಗೆ ಚೆಲ್ಲಿ ಹೋಗುತ್ತಿದ್ದರು. ಹನ್ನೆರಡನೆಯ ವರ್ಷ ನಾವು ಗೆದ್ದೆವು. ಅದಾಗಿ ಮೂವತ್ತೊಂದು ವರ್ಷ. ಆಮೇಲೆ ಗೆದ್ದಿಲ್ಲ. ಆ ಕಪ್ಪು ಈಗಲೂ ಕ್ಲಬ್ಬಿನ ಗಾಜಿನ ಕಪಾಟಿನಲ್ಲಿದೆ. ಯಾರೂ ಉಜ್ಜದೆ ಹೆಸರಿಗೆ ತಕ್ಕ ಬಣ್ಣಕ್ಕೆ ತಿರುಗಿದೆ.

ಹಗ್ಗ ಹಿಡಿಯುವವರು ಎಂಟು ಜನ. ಎಲ್ಲರಿಗಿಂತ ಹಿಂದೆ, ಹಗ್ಗದ ತುದಿಯನ್ನು ಮೈಗೆ ಸುತ್ತಿಕೊಂಡು, ಹಿಮ್ಮಡಿ ನೆಲಕ್ಕೆ ಊರಿ ನಿಲ್ಲುವವನನ್ನು ನಮ್ಮೂರಲ್ಲಿ 'ಗೂಟ' ಎನ್ನುತ್ತಾರೆ. ಗೂಟ ಅಲುಗಿದರೆ ಊರೇ ಅಲುಗಿದ ಹಾಗೆ. ಆ ವರ್ಷ ಗೂಟವಾಗಬೇಕಿದ್ದವನು ನನ್ನ ಸೋದರಮಾವ. ಹಿಟ್ಟಿನ ಗಿರಣಿ ನಡೆಸುವುದರಿಂದ ಗಿರಣಿ ಮಾವ. ಎರಡು ವರ್ಷ, ದಿನಾ ಬೆಳಿಗ್ಗೆ, ಕೆಟ್ಟು ನಿಂತ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಮೈದಾನದ ಈ ಅಂಚಿನಿಂದ ಆ ಅಂಚಿಗೆ ಎಳೆದು ಅಭ್ಯಾಸ ಮಾಡಿದ್ದ.

ಎಂಟೂ ಜನರ ತೂಕ ಸೇರಿ ಆರುನೂರ ನಲವತ್ತು ಕಿಲೋ ಮೀರಬಾರದು ಎಂಬುದು ನಿಯಮ. ಅಂತಿಮ ಪಂದ್ಯದ ಬೆಳಿಗ್ಗೆ ಎರಡೂ ತಂಡದವರನ್ನು ಮಾರುಕಟ್ಟೆಯ ಕಾಟಾದ ಮೇಲೆ, ಅಂದರೆ ಧಾನ್ಯದ ಮೂಟೆ ತೂಗುವ ಅದೇ ದೊಡ್ಡ ತಕ್ಕಡಿಯ ಮೇಲೆ, ಒಬ್ಬೊಬ್ಬರನ್ನಾಗಿ ನಿಲ್ಲಿಸಿ ತೂಗಿದರು. ಒಬ್ಬರಿಗೆ ಒಂದೇ ಸಲ. ನಮ್ಮ ತಂಡದಲ್ಲಿ ಕೊನೆಗೆ ಹತ್ತಿದವನು ಮಾವ, ಎಂಬತ್ತಮೂರು ಕಿಲೋ. ಒಟ್ಟು ಆರುನೂರ ನಲವತ್ತೊಂದು.

ಒಂದು ಕಿಲೋ ಹೆಚ್ಚು. ಕೊನೆಗೆ ಹತ್ತಿದವನೇ ಮೊದಲು ಇಳಿದ. ಅವನ ಜಾಗಕ್ಕೆ ಬಂದವರು ಒಬ್ಬ ಸಣಕಲು ಟೈಲರು. ಆರು ತಿಂಗಳ ಹಿಂದಷ್ಟೇ ನಮ್ಮತ್ತೆಯ ತಂಗಿಯನ್ನು ಮದುವೆಯಾಗಿ ಮಾವನಿಗೆ ಷಡ್ಡಕರಾಗಿದ್ದರು. ಅವರನ್ನು ಹಗ್ಗದ ಮುಂಭಾಗಕ್ಕೆ ಹಾಕಿದರು. ಗೂಟದ ಜಾಗಕ್ಕೆ ಇನ್ಯಾರೋ ನಿಂತರು. ಒಂದು ಗೇಣಿನ ಅಂತರದಲ್ಲಿ ನಾವು ಗೆದ್ದೆವು.

ಕ್ಲಬ್ಬಿನ ಗೋಡೆಯ ಮೇಲಿನ ಪಟದಲ್ಲಿ ಎಲ್ಲರಿಗಿಂತ ಮೊದಲು ಕಾಣುವುದು ಟೈಲರ್ ಮಾವನ ಮುಖ. ಹಲ್ಲು ಕಚ್ಚಿ, ಒಂದು ಕಣ್ಣು ಕಿರಿದು ಮಾಡಿ, ಸೂಜಿಗೆ ದಾರ ಪೋಣಿಸುವವರ ಹಾಗೆ ಹಗ್ಗ ಹಿಡಿದಿದ್ದಾರೆ. ಪಟದ ಬಲ ಅಂಚಿನಲ್ಲಿ ಎಂಟು ಜೊತೆ ಚಪ್ಪಲಿ. ಅವುಗಳ ಪಕ್ಕದಲ್ಲಿ ಎರಡು ಕಾಲು. ಆ ಕಾಲುಗಳು ನಮ್ಮ ಗಿರಣಿ ಮಾವನವು.

ಆವತ್ತಿನಿಂದ ಮಾವನ ಹೊಟ್ಟೆಯೊಳಗೆ ಒಂದು ಒಲೆ ಉರಿಯುತ್ತಿದೆ. ಟೈಲರ್ ಮಾವ ಹೊಸ ಹೊಲಿಗೆ ಯಂತ್ರ ತಂದರೆ ಮಾವನಿಗೆ ಅಜೀರ್ಣ. ಅವರ ಮನೆಯ ಹಿತ್ತಲಲ್ಲಿ ನಿಂಬೆ ಹೆಚ್ಚು ಬಿಟ್ಟರೆ ಇವನಿಗೆ ಹುಳಿತೇಗು. ಅದೇ ಬೀದಿಯಲ್ಲಿ ಷಡ್ಡಕನೇ ಟೈಲರಾಗಿದ್ದರೂ ಮಾವ ಮೂವತ್ತೊಂದು ವರ್ಷದಿಂದ ಬಸ್ಸು ಹತ್ತಿ ಹೋಗಿ, ಯಾವನೋ ಗುರುತಿಲ್ಲದವನ ಹತ್ತಿರ ಅಂಗಿ ಹೊಲಿಸಿಕೊಂಡು ಬರುತ್ತಾನೆ. ಒಂದು ತೋಳು ಸದಾ ಉದ್ದ. ಅತ್ತೆ ಕೇಳಿದರೆ, "ಇದು ಈಗಿನ ಫ್ಯಾಶನ್ನು" ಎನ್ನುತ್ತಾನೆ.

ಇಷ್ಟರ ನಡುವೆ ಕ್ಲಬ್ಬಿನವರಿಗೆ ಮೈದಾನದ ಬಾಗಿಲಲ್ಲಿ ಗೆದ್ದವರ ಹೆಸರಿನ ಹಲಗೆ ಹಾಕಿಸುವ, ಜೊತೆಗೊಂದು ಚರಿತ್ರೆಯ ಪುಸ್ತಕ ತರುವ ಹುಕಿ ಹತ್ತಿತು. ಬರೆಯುವ ಕೆಲಸ ನನ್ನ ತಲೆಗೆ ಬಂತು. ನಾನು ಬಿ.ಎ. ಮುಗಿಸಿ ಬೀಜದ ಅಂಗಡಿ ಸೇರಿದವನು. ಮೊದಲ ಅಕ್ಷರ ಅಷ್ಟೇನೂ ಬದಲಾಗಲಿಲ್ಲವಲ್ಲ ಎಂಬುದೇ ಸಮಾಧಾನ. ಆಡಿದ ಎಂಟು ಜನರನ್ನೂ ಹುಡುಕಿ ಮಾತಾಡಿಸಿದೆ. ಎಂಟೂ ಜನ, ತಾನೊಬ್ಬನೇ ಎಳೆದದ್ದು, ಉಳಿದ ಏಳು ಮಂದಿ ಹಗ್ಗಕ್ಕೆ ನೇತುಬಿದ್ದಿದ್ದರು ಎಂದು ಬರೆಸಿದರು. ಆ ಲೆಕ್ಕಕ್ಕೆ ನಾವು ಎಂಟು ಕಪ್ಪು ಗೆದ್ದಿರಬೇಕು.

ಒಂಬತ್ತನೆಯವನು ಕರೆಯದೇ ಬಂದ. ದಿನಾ ಬಂದ.

"ಅಳಿಯ, ಪುಸ್ತಕ ಎಲ್ಲಿಗೆ ಬಂತೋ?" ಅಂಗಡಿಯ ಮೆಕ್ಕೆಜೋಳದ ಚೀಲದ ಮೇಲೆ ಕೂರುತ್ತಾ ಮಾವ ಕೇಳಿದ.

"ಹಗ್ಗದ ತನಕ ಬಂದಿದೆ ಮಾವ."

"ಹಗ್ಗ ಬಿಡು. ಗೂಟದ ತನಕ ಬಂತಾ?"

"ಮಾವ, ಹಲಗೆಗೆ ಎಂಟೇ ಹೆಸರು. ಆಡಿದವರು ಎಂಟೇ ಜನ."

"ಎರಡು ವರ್ಷ ಟ್ರ್ಯಾಕ್ಟರು ಎಳೆದವನು ನಾನು ಕಣೋ! ಅವನು ಜೀವಮಾನದಲ್ಲಿ ಎಳೆದದ್ದು ಏನು? ದಾರ."

"ಆದ್ರೂ ಟೈಲರ್ ಮಾವ ಆವತ್ತು ಚೆನ್ನಾಗೇ ಎಳೆದ್ರಂತೆ."

ಮಾವ ಚೀಲದಿಂದ ಎದ್ದು ನಿಂತ. "ಎಳೆದ್ರಂತೆ! ನನಗೆ 'ಎಳೆದ', ಅವನಿಗೆ 'ಎಳೆದ್ರು'! ನಿನ್ನಮ್ಮನ ಜೊತೆ ಹುಟ್ಟಿದವನಿಗೆ ನೀನು, ಗುಂಡಿ ಹಚ್ಚೋನಿಗೆ ನೀವು! ಬಹುವಚನನೂ ಅವನಿಗೇ ಕೊಡು, ಹಲಗೆನೂ ಅವನಿಗೇ ಕೊಡು!"

"ಪ್ರೀತಿಗೆ ಏಕವಚನ ಮಾವ."

"ನಿನ್ನ ಪ್ರೀತಿ ನಿನ್ನ ಬಿ.ಎ. ಇದ್ದ ಹಾಗೆ. ಎರಡನ್ನೂ ನನ್ನ ಗಿರಣಿಗೆ ಹಾಕಿದ್ರೆ ಹಿಟ್ಟು ಬೀಳಲ್ಲ, ಬರೀ ಹೊಟ್ಟು ಬೀಳುತ್ತೆ."

ಅಂಗಡಿಯಲ್ಲಿ ನಾಲ್ಕು ಜನ ರೈತರಿದ್ದರು. ನಾಲ್ವರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಬಿ.ಎ.ಯನ್ನು ನಾನು ಎಷ್ಟು ಬೇಕಾದರೂ ಗೇಲಿ ಮಾಡಬಹುದು, ಬೇರೆಯವರು ಮಾಡಬಾರದು.

ನನಗೊಂದು ಕೆಟ್ಟ ಚಟವಿದೆ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಮೂರನೆಯ ಸಲ ಅದು ನನ್ನ ಬಾಯಲ್ಲಿರುತ್ತದೆ. ಆ ಪಂದ್ಯಕ್ಕೆ ತೀರ್ಪುಗಾರರಾಗಿದ್ದವರು ಪಕ್ಕದ ಊರಿನ ವ್ಯಾಯಾಮದ ಮೇಷ್ಟ್ರು. ಕೊರಳಲ್ಲಿ ಸದಾ ಪೀಪಿ ನೇತಾಡುತ್ತಿದ್ದರಿಂದ ಪೀಪಿ ಮೇಷ್ಟ್ರು. ಪುಸ್ತಕಕ್ಕಾಗಿ ಅವರನ್ನು ಕಂಡು ಮಾತಾಡಿಸಿ ಬಂದಿದ್ದೆ. ಎಂಬತ್ತು ದಾಟಿದ್ದರೂ ಅವರು ಮಾತಾಡುವುದಿಲ್ಲ, ಆಜ್ಞೆ ಕೊಡುತ್ತಾರೆ. ನೀರು ಬೇಕಾದರೆ 'ನೀರು ತರತಕ್ಕದ್ದು', ನಗು ಬಂದರೆ 'ಈಗ ನಗತಕ್ಕದ್ದು'. ಮಧ್ಯೆ ಮಧ್ಯೆ ಗಂಟಲಿನಲ್ಲಿ ಹಳೆಯ ಸ್ಕೂಟರಿಗೆ ಕಿಕ್ ಹೊಡೆದಂಥ ಸದ್ದು.

ಮಾರನೆಯ ದಿನ ಮಧ್ಯಾಹ್ನ ಅಂಗಡಿಗೆ ಹೊಸದಾಗಿ ಬಂದಿದ್ದ ಫೋನಿನಿಂದ ಗಿರಣಿಗೆ ಕರೆ ಮಾಡಿದೆ. ಆ ನಂಬರು ಮಾವನಿಗೆ ಇನ್ನೂ ಗೊತ್ತಿರಲಿಲ್ಲ.

"ಘ್ರೂಂ... ಘ್ರೂಂ... ಗಮನವಿಟ್ಟು ಕೇಳತಕ್ಕದ್ದು. ಮಾತಾಡ್ತಿರೋದು ಯಾರು ಅಂತ ತಿಳೀತಾ?"

ಆ ಕಡೆ ಗಿರಣಿಯ ಮೋಟರು ನಿಂತಿತು. "ಪೀಪಿ ಮೇಷ್ಟ್ರಾ? ನಮಸ್ಕಾರ ಸಾರ್! ಇದ್ದೀರಾ ಸಾರ್ ಇನ್ನೂ?"

"ಇರತಕ್ಕದ್ದು, ಅದಕ್ಕೇ ಇದ್ದೀನಿ. ಮೂವತ್ತೊಂದು ವರ್ಷದ ಹಿಂದಿನ ತೂಕದ ಬಗ್ಗೆ ನಮಗೆ ಸಂಶಯ ಬಂದಿದೆ. ಬರೋ ಮೂರನೇ ಭಾನುವಾರ ಬೆಳಿಗ್ಗೆ ಎಂಟಕ್ಕೆ ಮರುತೂಕ. ಅದೇ ಕಾಟಾ. ನೀವು ಎಂಬತ್ತೆರಡು ಕಿಲೋ ತೂಗಿದ್ರೆ ಹಲಗೆಯಲ್ಲಿ ನಿಮ್ಮ ಹೆಸರು ಬರತಕ್ಕದ್ದು, ಷಡ್ಡಕರ ಹೆಸರು ಅಳಿಸತಕ್ಕದ್ದು. ತಿಳೀತಾ?"

ಇಷ್ಟು ಹೇಳಿ ತುಟಿ ಕಚ್ಚಿ ಹಿಡಿದುಕೊಂಡೆ. ಮೂವತ್ತೊಂದು ವರ್ಷದ ಮೇಲೆ ಮರುತೂಕವಂತೆ! ಮಾವ ಈಗ 'ಲೋ ಕಳ್ಳ ನನ್ಮಗನೇ' ಎಂದು ಬೈಯುತ್ತಾನೆ, ನಾನು ನಗುತ್ತೇನೆ, ನನ್ನ ಬಿ.ಎ.ಗೆ ನ್ಯಾಯ ಸಿಗುತ್ತದೆ ಎಂದು ಕಾದೆ.

ಬೈಗುಳ ಬರಲಿಲ್ಲ. ಮಾವನ ದನಿ, ನಾನು ಯಾವತ್ತೂ ಕೇಳದಷ್ಟು ಸಣ್ಣಗೆ ಬಂತು. "ನನಗೆ ಗೊತ್ತಿತ್ತು ಸಾರ್. ಒಂದಲ್ಲ ಒಂದು ದಿನ ನಿಮ್ಮಿಂದ ಈ ಮಾತು ಬರುತ್ತೆ ಅಂತ ಗೊತ್ತಿತ್ತು."

ಫೋನು ಇಟ್ಟೆ. ಬೇರೆಯವರ ದನಿ ಹಾಗಿರಲಿ, ನನ್ನ ದನಿಯೇ ನನಗೆ ಸಿಗಲಿಲ್ಲ.

ಮಾವ ಆಗ ತೂಗುತ್ತಿದ್ದದ್ದು ತೊಂಬತ್ತು. ಎಂಟು ಕಿಲೋ ಇಳಿಯಬೇಕು, ಕೈಯಲ್ಲಿದ್ದದ್ದು ಇಪ್ಪತ್ತು ದಿನ. ಎರಡು ದಿನ ಕಳೆದು ಅತ್ತೆ ಅಂಗಡಿಗೆ ಬಂದಳು.

"ನಿಮ್ಮ ಮಾವನಿಗೆ ಏನಾಗಿದ್ಯೋ? ಬೆಳಿಗ್ಗೆ ಒಂದು ಸೌತೆಕಾಯಿ, ಸಂಜೆ ಒಂದು ಸೌತೆಕಾಯಿ. ಮಧ್ಯಾಹ್ನ ಅನ್ನದ ತಟ್ಟೆ ಎದುರಿಗೆ ಇಟ್ಕೊಂಡು ಬರೀ ನೋಡ್ತಾರೆ. ಮದುವೆ ಹೊಸದ್ರಲ್ಲಿ ನನ್ನನ್ನೂ ಹಾಗೆ ನೋಡಿರಲಿಲ್ಲ."

"ವಯಸ್ಸಾಯ್ತಲ್ಲ ಅತ್ತೆ, ಆರೋಗ್ಯ ನೋಡ್ಕೊಳ್ತಿರಬೇಕು."

"ಆರೋಗ್ಯನಾ? ನಿನ್ನೆ ನನ್ನ ತಂಗಿ ಮನೆಯಿಂದ ಒಂದು ಬುಟ್ಟಿ ನಿಂಬೆಹಣ್ಣು ಬಂತು. ಯಾವತ್ತೂ ಬಾಗಿಲಿಂದಲೇ ವಾಪಸ್ ಕಳಿಸ್ತಿದ್ರು. ಈ ಸಲ ಇಸ್ಕೊಂಡು, ನೀರಿಗೆ ಹಿಂಡಿ ಕುಡಿದು, 'ಅವನ ನಿಂಬೆಯಿಂದಲೇ ಅವನ ಹುಳಿ ಬಿಡಿಸ್ತೀನಿ' ಅಂದ್ರು. ನನಗ್ಯಾಕೋ ಭಯ ಆಗ್ತಿದೆ."

ಮಾವ ದಿನಾ ಬೆಳಿಗ್ಗೆ ಮೈದಾನದಲ್ಲಿ ಓಡತೊಡಗಿದ. ಗಿರಣಿಗೆ ಬಂದ ಮೂಟೆಗಳನ್ನು ಆಳುಗಳಿಗೆ ಬಿಡದೆ ತಾನೇ ಹೊತ್ತ. ಹೊಟ್ಟೆಯಲ್ಲಿ ಬೇರೇನೂ ಇಲ್ಲದೆ ಬರೀ ಕಿಚ್ಚೇ ಉಳಿದದ್ದರಿಂದಲೋ ಏನೋ, ದಿನಕ್ಕೊಂದು ಸುತ್ತು ಸಣ್ಣಗಾದ. ಪ್ಯಾಂಟಿಗೆ ಬೆಲ್ಟು ಸಾಲದೆ ಗೋಣಿ ಹೊಲಿಯುವ ಹುರಿ ಕಟ್ಟಿಕೊಂಡ. ಹಾಗೆ ಕಟ್ಟಿಕೊಂಡು, ಬೇಕೆಂದೇ, ಟೈಲರ್ ಅಂಗಡಿಯ ಮುಂದೆ ದಿನಕ್ಕೆ ನಾಲ್ಕು ಸಲ ಹಾದುಹೋಗುತ್ತಿದ್ದ. ಟೈಲರ್ ಮಾವ ಯಂತ್ರದ ಮೇಲಿನಿಂದ ತಲೆಯೆತ್ತಿ ಆ ಜೋಲು ಪ್ಯಾಂಟನ್ನು ನೋಡುವುದು, ಅವರ ಕೈ ತಾನಾಗಿ ಟೇಪಿನ ಕಡೆ ಹೋಗುವುದು, ನನಗೆ ಎದುರಿನ ಬೀಜದ ಅಂಗಡಿಯಿಂದ ಕಾಣುತ್ತಿತ್ತು.

ಒಂದು ದಿನ ಅವರು ತಡೆಯಲಾರದೆ ಕೂಗಿದರು. "ಭಾವ, ಒಳಗೆ ಬನ್ನಿ. ಐದು ನಿಮಿಷ. ಸೊಂಟದ ಹತ್ತಿರ ಎರಡಂಗುಲ ಹಿಡಿದುಕೊಡ್ತೀನಿ."

ಮಾವ ನಿಂತ. ಟೈಲರ್ ಮಾವನನ್ನು ನೋಡದೆ ನನ್ನ ಅಂಗಡಿಯ ಕಡೆ ತಿರುಗಿ ಹೇಳಿದ. "ಅಳಿಯ, ಆ ಮನುಷ್ಯನಿಗೆ ಹೇಳು. ನನ್ನ ಜಾಗ ಹಿಡಿದದ್ದು ಸಾಕು, ಸೊಂಟ ಹಿಡಿಯೋದು ಬೇಡ ಅಂತ. ಎರಡು ಭಾನುವಾರ ಕಳೀಲಿ, ಯಾರ ಅಳತೆ ಎಷ್ಟು ಅಂತ ಊರೇ ನೋಡುತ್ತೆ."

ಇನ್ನು ಸುಮ್ಮನಿದ್ದರೆ ಮಾವ ಎಲ್ಲಾದರೂ ಬಿದ್ದಾನು ಎನಿಸಿತು. ಮಾರನೆಯ ಬೆಳಿಗ್ಗೆ ಮೈದಾನಕ್ಕೆ ಹೋದೆ. ಮಾವ ಓಡಿ ಬಂದು ಕಲ್ಲುಬೆಂಚಿನ ಮೇಲೆ ಕೂತಿದ್ದ. ಕೆನ್ನೆ ಒಳಗೆ ಹೋಗಿ ಕಣ್ಣು ದೊಡ್ಡದಾಗಿತ್ತು.

"ಮಾವ, ನಿನಗೊಂದು ವಿಷಯ ಹೇಳಬೇಕು. ಆ ಮರುತೂಕ ಇದ್ಯಲ್ಲ..."

"ನಿನಗೂ ತಿಳೀತಾ? ಹೇಳಬಾರದು ಅಂತಿದ್ದೆ." ಅವನು ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡ. "ಆವತ್ತು ನಿಮ್ಮಜ್ಜಿ ಇಲ್ಲೇ, ಈ ಬೆಂಚಿನ ಮೇಲೇ ಕೂತಿದ್ದಳು ಕಣೋ. ಒಂದು ವಾರದಿಂದ ಮನೆಮನೆಗೆ ಹೋಗಿ, ನನ್ನ ಮಗನೇ ಗೂಟ, ನನ್ನ ಮಗನೇ ಗೂಟ ಅಂತ ಸಾರಿದ್ದಳು. ಮುಂದಿನ ಸಾಲೇ ಬೇಕು ಅಂತ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದಳು. ಕಣ್ಣು ಬೇರೆ ಮಂಜು. ಪೀಪಿ ಊದಿದ ಮೇಲೆ ಹಗ್ಗದ ಕೊನೆಯವನನ್ನು ನೋಡಿ ನನ್ನ ಹೆಸರು ಹಿಡಿದು ಕೂಗ್ತಾನೇ ಇದ್ದಳು, ಎಳೆಯೋ ಮಗನೇ, ಎಳೆಯೋ ಅಂತ. ಅವಳಿಂದ ನಾಲ್ಕು ಮಾರು ದೂರದಲ್ಲಿ ನಾನು ಚಪ್ಪಲಿ ಕಾಯ್ತಾ ನಿಂತಿದ್ದೆ. ಪಕ್ಕದವಳು ಕಿವಿಯಲ್ಲಿ ಹೇಳಿದ ಮೇಲೆ ತಿರುಗಿ ನನ್ನನ್ನ ನೋಡಿದಳು. ನೋಡಿ, ಕೂಗೋದು ನಿಲ್ಲಿಸಿದಳು. ಅಷ್ಟೇ. ಸಾಯೋತನಕ ಆ ಮಾತು ಎತ್ತಲಿಲ್ಲ, ಮಾರಾಯ. ಒಂದು ಸಲ ಬೈದಿದ್ರೂ ಆಗ್ತಿತ್ತು."

ನಾನು ಬೆಂಚಿನ ಮೇಲಿದ್ದ ಟವೆಲನ್ನು ಅವನ ಕೈಗೆ ಕೊಟ್ಟೆ.

"ನೀನು ಏನೋ ಹೇಳಬೇಕು ಅಂದೆಯಲ್ಲ?"

"ಏನಿಲ್ಲ ಮಾವ. ಸೌತೆಕಾಯಿಗೆ ಸ್ವಲ್ಪ ಉಪ್ಪು ಹಾಕ್ಕೋ. ತಲೆ ತಿರುಗಲ್ಲ."

ಹೇಳಬೇಕಾದದ್ದನ್ನು ಆವತ್ತು ಸಂಜೆ ಟೈಲರ್ ಮಾವನ ಅಂಗಡಿಯಲ್ಲಿ ಹೇಳಿದೆ. ಅವರು ಕಾಜಾ ಹೊಲಿಯುತ್ತಾ ಪೂರ್ತಿ ಕೇಳಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ದಾರವನ್ನು ಹಲ್ಲಿನಿಂದ ತುಂಡರಿಸಿ, "ನನಗೆ ಅವರನ್ನು ಕಂಡ್ರೆ ಎಷ್ಟು ಹೊಟ್ಟೆಕಿಚ್ಚು ಗೊತ್ತಾ ನಿನಗೆ?" ಎಂದರು.

"ನಿಮಗಾ? ಪಟದಲ್ಲಿರೋದು ನೀವು!"

"ಪಟ ನೋಡಿದವರು ಏನಂತಾರೆ ಕೇಳಿದ್ದೀಯಾ? 'ಓ, ಗಿರಣಿಯವರು ಒಂದು ಕಿಲೋ ಹೆಚ್ಚಾದ್ರಲ್ಲ, ಆಗ ಸಿಕ್ಕಿದವರು ಇವರೇ.' ಇನ್ನೊಬ್ಬ, 'ಅವರಿದ್ದಿದ್ರೆ ಒಂದು ಗೇಣಲ್ಲ, ಹತ್ತು ಮಾರು ಎಳೀತಿದ್ರು.' ನನ್ನ ಹೆಂಡತಿನೂ ಅಕ್ಕನ ಮುಂದೆ ಹಾಗೇ ಅಂತಾಳೆ. ಎಳೆದವನು ನಾನು. ಅಂಗೈ ಚರ್ಮ ಕಿತ್ತು ಎರಡು ವಾರ ಸೂಜಿ ಹಿಡಿಯೋಕೆ ಆಗಲಿಲ್ಲ. ಆದ್ರೆ ಹೊಗಳಿಕೆ ಎಲ್ಲ ಎಳೆಯದೇ ಇದ್ದವರಿಗೆ. ಆಡದ ಆಟದಲ್ಲಿ ಯಾರನ್ನ ಸೋಲಿಸೋಕೆ ಆಗುತ್ತೆ, ಹೇಳು?" ಅವರು ಇನ್ನೊಂದು ಅಂಗಿ ಎಳೆದುಕೊಂಡರು. "ಆ ಒಂದು ಕಿಲೋ ಮಾತು ಒಮ್ಮೆ ತೀರ್ಲಿ, ಭಾನುವಾರ ನಾನೂ ಬರ್ತೀನಿ. ಆದ್ರೆ ತೂಕ ಆದ ತಕ್ಷಣ ನೀನೇ ಎಲ್ಲರೆದುರು ಒಪ್ಪಿಕೋಬೇಕು. ಕಳ್ಳ ದನಿಯಲ್ಲಲ್ಲ, ನಿನ್ನದೇ ದನಿಯಲ್ಲಿ."

ಭಾನುವಾರ ಮಾರುಕಟ್ಟೆಗೆ ರಜೆ. ಆದರೂ ಮಾವ ತಡೆಯಲಾರದೆ ಅತ್ತೆಗೆ ಹೇಳಿ, ಅತ್ತೆ ತನ್ನ ತಂಗಿಗೆ ಹೇಳಿ, ತಂಗಿ ಅಂಗಡಿಗೆ ಬಂದವರಿಗೆಲ್ಲ ಹೇಳಿ, ಎಂಟು ಗಂಟೆಗೆ ನಲವತ್ತು ಜನ ಸೇರಿದ್ದರು. ತಗಡಿನ ಮಾಡಿನ ಕೆಳಗೆ ಅದೇ ಹಳೆಯ ಕಾಟಾ: ಮೂಟೆ ಇಡುವ ಕಬ್ಬಿಣದ ಹಲಗೆ, ಅದರ ಹಿಂದೆ ಗಡಿಯಾರದಂಥ ದುಂಡು ಮುಖ, ಒಂದು ಮುಳ್ಳು. ಮುಳ್ಳಿನ ಮುಖ ತೂಗುವವನ ಕಡೆಗೆ, ಬೆನ್ನು ಊರಿನ ಕಡೆಗೆ. ನಲವತ್ತು ವರ್ಷದಿಂದ ಆ ಮುಖ ನೋಡುತ್ತಿರುವವರು ಕಾಟಾ ತಾತ. ಅವರು ಓದಿ ಹೇಳಿದ್ದೇ ತೂಕ. ಊರಲ್ಲಿ ಯಾರೂ ಇದುವರೆಗೆ ಆ ಕಡೆ ಹೋಗಿ ಇಣುಕಿದ್ದಿಲ್ಲ.

"ಪೀಪಿ ಮೇಷ್ಟ್ರು ಎಲ್ಲೋ?" ಮಾವ ನನ್ನನ್ನು ಕೇಳಿದ.

"ಬರ್ತಾರೆ. ಅಂದ್ರೆ, ಬಂದಿದ್ದಾರೆ ಅಂತಲೇ ಇಟ್ಕೋ."

ಮಾವನಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ಅಂಗಿ ಬಿಚ್ಚಿ ಅತ್ತೆಯ ಕೈಗೆ ಕೊಟ್ಟ. ಚಪ್ಪಲಿ ಬಿಟ್ಟ. ಕೈಗಡಿಯಾರ ತೆಗೆದ. ಉಸಿರನ್ನೂ ಹೊರಗೆ ಬಿಟ್ಟು ಕಾಟಾ ಹತ್ತಿದ. ಪಕ್ಕೆಲುಬುಗಳನ್ನು ಎಣಿಸಬಹುದಿತ್ತು. ಕಾಟಾ ತಾತ ಕನ್ನಡಕ ಏರಿಸಿ ನೋಡಿದರು.

"ಎಂಬತ್ತಮೂರು."

ಇಪ್ಪತ್ತು ದಿನದ ಸೌತೆಕಾಯಿ, ಇಪ್ಪತ್ತು ದಿನದ ಓಟ, ಮತ್ತೆ ಅದೇ ಒಂದು ಕಿಲೋ. ಮಾವ ಇಳಿಯಲಿಲ್ಲ. ಇಳಿಯುವುದು ಹೇಗೆಂದು ಮರೆತವನ ಹಾಗೆ ಅಲ್ಲೇ ನಿಂತಿದ್ದ. ಅತ್ತೆ "ರೀ" ಎಂದಳು. ಅಷ್ಟು ಮೆತ್ತಗೆ ಅವಳು ಕರೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ನಾನು ಒಪ್ಪಿಕೊಳ್ಳಲು ಮುಂದೆ ಬಂದೆ. ಅಷ್ಟರಲ್ಲಿ ಮಾವನ ಕಣ್ಣು ಟೈಲರ್ ಮಾವನ ಮೇಲೆ ಬಿತ್ತು. ಒಲೆಗೆ ಯಾರೋ ಎಣ್ಣೆ ಸುರಿದಂತಾಯಿತು.

"ಅವನನ್ನೂ ತೂಗಿ! ನನ್ನೊಬ್ಬನನ್ನೇ ಯಾಕೆ? ಮರುತೂಕ ಅಂದ್ರೆ ಇಬ್ಬರಿಗೂ ಮರುತೂಕ!"

ಟೈಲರ್ ಮಾವ ಇಸ್ತ್ರಿ ಮಾಡಿದ ಅಂಗಿಯಲ್ಲೇ ಕಾಟಾ ಹತ್ತಿದರು. ಮಾವ ಇಳಿದನಾದರೂ ಜನರ ಜೊತೆ ನಿಲ್ಲಲಿಲ್ಲ. ಸುತ್ತಿ ಬಂದು, ತಾತನ ಹೆಗಲ ಮೇಲಿಂದ ಬಗ್ಗಿ, ಮುಳ್ಳಿಗೆ ಮೂಗು ತಗಲುವಷ್ಟು ಹತ್ತಿರ ಕಣ್ಣು ಇಟ್ಟ.

"ಎಪ್ಪತ್ತೊಂದು," ಎಂದರು ತಾತ.

"ಮೋಸ!" ಮಾವನ ಕೂಗಿಗೆ ಮಾಡಿನ ಪಾರಿವಾಳಗಳು ಎದ್ದವು. "ಎಪ್ಪತ್ತೆರಡಿದೆ! ನನ್ನ ಕಣ್ಣಾರೆ ನೋಡ್ತಿದ್ದೀನಿ, ಎಪ್ಪತ್ತೆರಡಿದೆ! ಇವತ್ತೂ ಇವನಿಗೆ ಒಂದು ಕಿಲೋ ರಿಯಾಯಿತಿ!"

ಕಾಟಾ ತಾತ ನಿಧಾನಕ್ಕೆ ಕನ್ನಡಕ ತೆಗೆದು ಒರೆಸಿಕೊಂಡರು. "ಮುಳ್ಳು ಎಪ್ಪತ್ತೆರಡೇ ತೋರಿಸ್ತಿದೆ. ಚೀಲದ್ದು ಒಂದು ಕಿಲೋ ಕಳೀಬೇಡ್ವಾ?"

"ಯಾವ ಚೀಲ?"

"ಅಂಗಿ ತೊಟ್ಟಿದ್ದಾರಲ್ರೀ. ಗೋಣಿಯಲ್ಲಿ ಬಂದ ಸರಕಿಗೆ ಗೋಣಿಯ ತೂಕ ಅಂತ ಒಂದು ಕಿಲೋ ಕಳೆಯೋದು. ನಲವತ್ತು ವರ್ಷದಿಂದ ಕಳೀತಿದ್ದೀನಿ. ಮುಳ್ಳು ನೋಡ್ತೀನಿ, ಬಾಯಿ ತಾನೇ ಒಂದು ಕಡಿಮೆ ಹೇಳುತ್ತೆ."

"ಆವತ್ತೂ?" ಕೇಳಿದವನು ನಾನು.

"ಆವತ್ತೂ. ನಮ್ಮವರಿಗೂ ಕಳೆದೆ, ಹೊಳೆಯಾಚೆಯವರಿಗೂ ಕಳೆದೆ, ಅದರಲ್ಲಿ ಭೇದ ಮಾಡಿದವನಲ್ಲ. ಈ ಗಿರಣಿಯೋರಿಗೆ ಮಾತ್ರ ಕಳೀಲಿಲ್ಲ. ಇವರು ತೂಕ ಇಳಿಸೋಕೆ ಅಂತ ಅಂಗಿ ಬಿಚ್ಚಿ ಎಸೆದು ಬಂದ್ರು. ಬಿಡಿ ಸರಕಿಗೆ ಚೀಲದ ತೂಕ ಹೇಗ್ರೀ ಕಳೀಲಿ? ಅನ್ಯಾಯ ಆಗಲ್ವಾ?"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲೆಕ್ಕ ಹಾಕಲು ಬಿ.ಎ. ಬೇಕಿರಲಿಲ್ಲ. ಕಾಲು ಕಿಲೋ ತೂಗದ ಒಂದು ಅಂಗಿ ಮೈಮೇಲೆ ಇದ್ದಿದ್ದರೆ ಮಾವ ಎಂಬತ್ತೆರಡು. ತಂಡ ಸರಿಯಾಗಿ ಆರುನೂರ ನಲವತ್ತು.

ಟೈಲರ್ ಮಾವ ಕಾಟಾದಿಂದ ಇಳಿದು, ಕೆಮ್ಮಿ, ಮೆಲ್ಲಗೆ ಹೇಳಿದರು. "ಆವತ್ತು ನಾನು ಅಂದಿದ್ದೆ ಭಾವ. ಬೆಳಗಿನ ಚಳಿ, ಅಂಗಿ ಇರ್ಲಿ ಅಂತ."

"ಅಂದಿದ್ದೆ," ಎಂದ ಮಾವ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನೇರ ಅವರ ಮುಖ ನೋಡಿ ಹೇಳಿದ. "ಅಂದಿದ್ದೆ ನೀನು. ನನ್ನ ತೂಕ ಹೆಚ್ಚು ಬರ್ಲಿ, ನನ್ನ ಜಾಗ ನಿನಗೆ ಸಿಗ್ಲಿ ಅಂತ ಹಾಗಂತಿದ್ದೀಯ ಅಂದ್ಕೊಂಡು, ನಿನ್ನೆದುರೇ ಕಿತ್ತೆಸೆದೆ. ಎರಡು ಗುಂಡಿ ಹಾರಿಹೋದವು."

ಅವನು ಕಾಟಾದ ಹಲಗೆಯ ಮೇಲೆ ಕುಸಿದು ಕೂತ. ಇನ್ನು ತಡೆಯುವುದರಲ್ಲಿ ಅರ್ಥವಿರಲಿಲ್ಲ. ನಾನು ಮುಂದೆ ಹೋಗಿ ನಿಂತೆ. ನನ್ನದೇ ದನಿಯಲ್ಲಿ ಹೇಳಬೇಕೆಂದಿತ್ತು. ಹಾಳು ನಾಲಿಗೆ, ಭಯಕ್ಕೆ ಅದು ತನಗೆ ಅಭ್ಯಾಸವಿದ್ದ ದಾರಿಗೇ ಇಳಿಯಿತು.

"ಘ್ರೂಂ... ಗಮನವಿಟ್ಟು ಕೇಳತಕ್ಕದ್ದು. ಫೋನು ಮಾಡಿದ್ದು ಮೇಷ್ಟ್ರಲ್ಲ, ಅಳಿಯ. ಮರುತೂಕ ಅನ್ನೋದು ಯಾವುದೂ ಇಲ್ಲ. ಕ್ಷಮಿಸತಕ್ಕದ್ದು."

ಮಾವ ತಲೆಯೆತ್ತಿದ. ನನ್ನನ್ನು ನೋಡಿದ, ಕಾಟಾ ತಾತನನ್ನು ನೋಡಿದ, ಟೈಲರ್ ಮಾವನನ್ನು ನೋಡಿದ. ಎದ್ದ. ಹೊಡೆತ ನನಗೇ ಎಂದು ನಾನು ಕಣ್ಣು ಮುಚ್ಚಿದೆ.

ಕಣ್ಣು ತೆರೆದಾಗ ಅವನು ಅತ್ತೆಯ ಕೈಯಿಂದ ಅಂಗಿ ಇಸಿದುಕೊಂಡು ತೊಡುತ್ತಿದ್ದ. ಕತ್ತಿನ ಗುಂಡಿಯವರೆಗೂ ಒಂದೊಂದಾಗಿ ಹಾಕಿದ. ಮತ್ತೆ ಕಾಟಾ ಹತ್ತಿ ನೆಟ್ಟಗೆ ನಿಂತ.

"ತೂಗಿ ಕಾಟಾದಣ್ಣ. ಈ ಸಲ ಚೀಲದ ಸಮೇತ ಬಂದಿದ್ದೀನಿ."

ತಾತ ಕನ್ನಡಕ ಏರಿಸಿದರು. "ಎಂಬತ್ತಮೂರು. ಚೀಲದ್ದು ಒಂದು ಹೋಯ್ತು. ಎಂಬತ್ತೆರಡು!"

ಮಾವನ ಹೊಟ್ಟೆ ಒಂದು ಸಲ ಕುಲುಕಿತು. ಅಳುತ್ತಾನೆ ಎಂದುಕೊಂಡು ಅತ್ತೆ ಒಂದು ಹೆಜ್ಜೆ ಮುಂದೆ ಇಟ್ಟಳು. ಅದು ಅಳುವಲ್ಲ. ಮೊದಲು ಮೂಗಿನಲ್ಲಿ ಸಣ್ಣ ಸೀಟಿಯಂತೆ ಬಂತು, ಆಮೇಲೆ ಗಂಟಲಿಗೆ ಇಳಿಯಿತು, ಆಮೇಲೆ ಗಿರಣಿಯ ಮೋಟರು ಚಾಲೂ ಆದಂತೆ ಇಡೀ ಮೈಯಿಂದ ಹೊರಟಿತು. "ಬಿಡಿ ಸರಕಂತೆ! ಅಯ್ಯೋ ದೇವರೇ! ಮೂವತ್ತೊಂದು ವರ್ಷ ಬಿಡಿ ಸರಕು ಕಣೋ ನಾನು!" ಎಂದು ತೊಡೆ ತಟ್ಟಿಕೊಂಡು, ಟೈಲರ್ ಮಾವನ ಹೆಗಲು ಹಿಡಿದುಕೊಂಡು ನಕ್ಕ. ಟೈಲರ್ ಮಾವ ನಕ್ಕರು, ಅತ್ತೆ ನಕ್ಕಳು, ನಲವತ್ತು ಜನ ನಕ್ಕರು. ಎಲ್ಲ ಸೇರಿದರೂ ಅವನೊಬ್ಬನ ನಗುವಿನಷ್ಟು ಆಗಲಿಲ್ಲ. ಕಾಟಾ ಗಡಗಡ ಅದುರಿತು, ಮುಳ್ಳು ಎಪ್ಪತ್ತಕ್ಕೂ ತೊಂಬತ್ತಕ್ಕೂ ಹುಚ್ಚು ಹಿಡಿದಂತೆ ಓಡಾಡಿತು.

"ಅಲುಗಾಡಬೇಡಿ ಗಿರಣಿಯೋರೇ!" ಕಾಟಾ ತಾತ ಕೂಗಿಕೊಂಡರು. "ನಗೋದು ನಿಲ್ಲಿಸ್ರೀ, ತೂಕ ನಿಲ್ತಾ ಇಲ್ಲ!"

ಮಾವ ನಿಲ್ಲಿಸಲಿಲ್ಲ.